272 ಡಿಗ್ರಿಯ ಕ್ಷಮಾಪಣೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿನ ಅರಾಯಿ ಫೋನ್ ಮಾಡಿದ. "ಕೊಗುರೆ ಸಾನ್, ಇಂಜಿನ್ ಬಿಚ್ಚಿಟ್ಟಿದ್ದೀನಿ. ಯಾವ ಕ್ಯಾಮ್‌ಶಾಫ್ಟ್ ಹಾಕ್ಲಿ? ಈಗ್ಲೇ ಹೇಳ್ಬಿಡಿ."

ಜಪಾನಿನ ಗುನ್ಮಾದ ಬೆಟ್ಟದಡಿಯ ಊರೊಂದರಲ್ಲಿ ನೀರಿನ ಕಚೇರಿಯ ಗುಮಾಸ್ತನಾದ ಕೊಗುರೆ, ಮದುವೆಗೆ ಹೆಣ್ಣು ನೋಡಿದಾಗಲೂ ಇಷ್ಟು ಯೋಚಿಸಿರಲಿಲ್ಲ. ಇಂಜಿನ್ನಿನ ವಾಲ್ವುಗಳೆಂಬ ಬಾಗಿಲುಗಳು ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವ ಸಲಾಕೆ ಈ ಕ್ಯಾಮ್‌ಶಾಫ್ಟ್. 256 ಡಿಗ್ರಿಯದು ಸಾಧು, 272ರದು ಪುಂಡ.

"ನಿಮ್ದು ಟರ್ಬೊ ಕಾರು, 256 ಸಾಕು," ಎಂದ ಅರಾಯಿ. "ಬಾಗಿಲು ಜಾಸ್ತಿ ಹೊತ್ತು ತೆಗೆದಿಟ್ರೆ ಟರ್ಬೊ ತುಂಬಿದ ಗಾಳಿ ಹಾಗೇ ಆಚೆ ಹೋಗುತ್ತೆ, ಟೀನೂ ಕುಡೀದೆ ಎದ್ದುಹೋಗೋ ನೆಂಟರ ಥರ. ಮೇಲಾಗಿ ನಿಂತಲ್ಲೇ ಗುಡುಗುಡು ಅನ್ನುತ್ತೆ."

"ಆ ಗುಡುಗುಡುನೇ ಬೇಕು. 272 ಹಾಕಿ."

ಅವನ ತಲೆಗೆ ಆ ಸಂಖ್ಯೆ ತುಂಬಿದವರು ರಾಮೆನ್ ನೂಡಲ್ಸ್ ಅಂಗಡಿಯ ಗೆಳೆಯರು. ಅವರಲ್ಲಿ ನಾನೂ ಒಬ್ಬ. ಬೇರೆಯವರ ಇಂಜಿನ್ನಿನ ವಿಷಯದಲ್ಲಿ ನಾವೆಲ್ಲ ಮಹಾ ಧೈರ್ಯಶಾಲಿಗಳು.

ಹೆಂಡತಿ ಅತ್ಸುಕೊ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಈ ವರ್ಷ ಗಲ್ಲಿಯ ಮುಖ್ಯಸ್ಥೆಯ ಸರದಿ ಅವಳದು. ಯಾರ ದೂರಿದ್ದರೂ ಅವಳ ಬಾಗಿಲಿಗೇ ಬರಬೇಕು.

"ನೋಡಿ, ನಿಮ್ಮ ಕಾರಿನಿಂದ ಒಂದೇ ಒಂದು ದೂರು ಬಂದ್ರೂ ಅದನ್ನ ಮಾರಿಬಿಡ್ಬೇಕು. ಆಮೇಲೆ ಮುಖ ಸಣ್ಣಗೆ ಮಾಡ್ಕೊಂಡು ಬರ್ಬೇಡಿ."

ಮಾರುವುದೆಂದರೆ ಕೊಗುರೆಗೆ ಆಗದ ಮಾತು. ಇಪ್ಪತ್ತು ವರ್ಷದಿಂದ ಸಾಕಿದ ಕಾರು. ಗದ್ದಲ ಮಾಡುವವರು ಮೊದಲೇ ಮನೆಮನೆಗೆ ಹೋಗಿ ಕ್ಷಮೆ ಕೇಳುವುದು ನಮ್ಮಲ್ಲಿ ವಾಡಿಕೆ. ಕಾರಿಲ್ಲವೆಂದು ಅಂದು ರಜೆ ಹಾಕಿದ್ದ ಅವನು, ಅಕ್ಕಿ ಬಿಸ್ಕತ್ತಿನ ಡಬ್ಬಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಮೊದಲು ಪಕ್ಕದ ಮನೆಯ ಇಶಿಜುಕಾ ಅಜ್ಜಿ. ಸೊಂಟ ಬಗ್ಗಿಸಿ ವಂದಿಸಿ, "ನಾಳೆಯಿಂದ ಕಾರಿನ ಸದ್ದು ಸ್ವಲ್ಪ ಜಾಸ್ತಿ ಆಗುತ್ತೆ, ದಯವಿಟ್ಟು ಸಹಿಸ್ಕೋಬೇಕು," ಎಂದ.

"ಸದ್ದಾ? ಅಯ್ಯೋ, ನೀವು ಆರೂವರೆಗೆ ಕಾರು ಶುರು ಮಾಡೋದನ್ನೇ ನಾನು ಕಾಯ್ತಿರ್ತೀನಪ್ಪ!"

ಇದು ಸಿಹಿ ಹಚ್ಚಿದ ದೂರೇ ಎಂದುಕೊಂಡ ಕೊಗುರೆ. ನಮ್ಮ ಕಡೆ ಯಾರೂ ಯಾರಿಗೂ ಗಲಾಟೆ ಮಾಡಬೇಡಿ ಎಂದು ಹೇಳುವುದಿಲ್ಲ. ನೆರೆಮನೆಯ ಹುಡುಗಿ ಪಿಯಾನೊ ಕುಟ್ಟಿ ಕಿವಿ ಹರಿದರೆ, "ಎಷ್ಟು ಚೆನ್ನಾಗಿ ಕಲೀತಿದ್ದಾಳೆ!" ಎನ್ನುತ್ತೇವೆ. ಅದು ದೂರೆಂದು ತಿಳಿದು ಮರುದಿನ ಆ ಮನೆಯವರು ಕಿಟಕಿ ಮುಚ್ಚಿರುತ್ತಾರೆ. ಅಜ್ಜಿಯ ಮಾತು ಹಾಗಾದರೆ ಎಷ್ಟು ಖಾರದ್ದು!

ಎದುರು ಮನೆಯ ಹೊಶಿನೊ, ನಿವೃತ್ತ ಬಸ್ ಚಾಲಕ, ಡಬ್ಬವನ್ನು ಎರಡೂ ಕೈಯಲ್ಲಿ ಪಡೆದು ನಕ್ಕರು. "ನಿಮ್ಮ ಕಾರು ಎಷ್ಟು ಹುರುಪಾಗಿದೆ ಕೊಗುರೆ ಸಾನ್! ಅದು ಶುರುವಾದ್ರೆ ನಮ್ಮ ಕಿಟಕಿ ಗಾಜೂ ಜೊತೆಗೆ ಹಾಡುತ್ತೆ."

ಮೂಲೆಮನೆಯ ಮೊಗಿ ಅವರ ಹೆಂಡತಿಯಂತೂ, "ನೀವಿರೋವಾಗ ನಮ್ಮೆಜಮಾನ್ರಿಗೆ ಅಲಾರಮ್ಮೇ ಬೇಡ," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮೂರು ಮನೆ, ಮೂರು ಹೊಗಳಿಕೆ. ನಾಲ್ಕನೆಯದನ್ನು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಉಳಿದ ಡಬ್ಬಗಳ ಸಮೇತ ಸೈಕಲ್ ತುಳಿದು ಗ್ಯಾರೇಜಿಗೆ ಓಡಿದ.

"ನಿಲ್ಸಿ! 256 ಹಾಕಿ! ಸೈಲೆನ್ಸರೂ ಬದಲಾಯಿಸಿ. ಪಕ್ಕದಲ್ಲಿ ಮಲಗಿರೋ ಬೆಕ್ಕಿಗೂ ಗೊತ್ತಾಗ್ಬಾರ್ದು!"

"ಅರ್ಧ ಕೂರಿಸಿಯಾಗಿತ್ತಲ್ರೀ!" ಎಂದು ಅರಾಯಿ ತಲೆ ಚಚ್ಚಿಕೊಂಡ. "ನೀವು ಗಿರಾಕಿಗಳು ಬೆಳಿಗ್ಗೆ ಹುಲಿ, ಮಧ್ಯಾಹ್ನ ಇಲಿ."

"ಇಲಿ ಅಂತ ದೊಡ್ಡ ಮಾತೆಲ್ಲ ಬೇಡ. ಅದರ ಬಾಲ ಅನ್ನಿ, ಸಾಕು."

ಮಂಗಳವಾರ ಬೆಳಿಗ್ಗೆ ಆರೂವರೆಗೆ ಕಾರು ಗಲ್ಲಿಯಿಂದ ಜಾರಿಹೋಯಿತು. ಒಂದು ಗಾಜೂ ಹಾಡಲಿಲ್ಲ. ಕಾರು ಮೊದಲಿಗಿಂತ ಚುರುಕಾಗಿಯೂ ಏರು ಹತ್ತಿತು. ಕಾರು ಉಳಿಯಿತೆಂದು ಕೊಗುರೆ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ.

ಎಂಟೂವರೆಗೆ ಕಚೇರಿಗೆ ಅತ್ಸುಕೊ ಫೋನ್ ಮಾಡಿದಳು.

"ಬಾಗಿಲಲ್ಲಿ ಮೂರು ಜನ ನಿಂತಿದ್ದಾರೆ ರೀ. ಮೂವರ ಕೈಲೂ ಕಸದ ಚೀಲ."

"ಕಸ ಯಾಕೆ?"

"ಇವತ್ತು ಕಸದ ದಿನ. ಎಂಟು ಗಂಟೆಯೊಳಗೆ ಮೂಲೇಲಿ ಇಡ್ಬೇಕಲ್ಲ? ನಿಮ್ಮ ಕಾರಿನ ಸದ್ದಿಗೇ ಇವರೆಲ್ಲ ಏಳ್ತಿದ್ರಂತೆ. ಇವತ್ತು ಯಾರಿಗೂ ಎಚ್ಚರ ಆಗಿಲ್ಲ, ಲಾರಿ ಹೋಯ್ತು. ಶುಕ್ರವಾರದವರೆಗೆ ಮೀನಿನ ತಲೆಗಳನ್ನ ಎಲ್ಲಿಡೋದು ಅಂತ ಅಜ್ಜಿ ಕೇಳ್ತಿದ್ದಾರೆ. ದೂರು ಬರೆದುಕೊಂಡಿದ್ದೀನಿ. ಒಂದಲ್ಲ, ಮೂರು."

ಅಂದರೆ ಅವರು ಹೇಳಿದ್ದೆಲ್ಲ ನಿಜವಾದ ಹೊಗಳಿಕೆ! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ಗಲ್ಲಿಯ ಜನ ಮನಸ್ಸಿನಲ್ಲಿದ್ದದ್ದನ್ನೇ ಬಾಯಲ್ಲಿ ಆಡಿದ್ದರು. ಬಡಪಾಯಿ ಅದನ್ನು ಹೇಗೆ ನಂಬಿಯಾನು!

ಕಾರು ಮಾರುವ ಮಾತು ಬಂದಾಗ ಮೂವರೂ ಗಾಬರಿಯಾದರು. ಮಾರಬೇಡಿ, ಸದ್ದು ವಾಪಸ್ ತನ್ನಿ ಎಂದರು. ಕೊಗುರೆ ಅರಾಯಿಗೆ ಫೋನ್ ಹಚ್ಚಿದ. "ಆ 272 ಕೊಡಿ, ಗಲ್ಲಿಯವರೇ ಕೇಳ್ತಿದ್ದಾರೆ!"

"ಅದು ನಿನ್ನೆ ಸಂಜೆಯೇ ಬೇರೊಬ್ಬರಿಗೆ ಮಾರಿಹೋಯ್ತು, ನಿಮ್ಮ ಹಳೇ ಸೈಲೆನ್ಸರೂ ಗುಜರಿ ಸೇರ್ತು. ಇನ್ನು ಬರೋದು ನಾಲ್ಕು ತಿಂಗಳಿಗೆ."

ಆ ಸಂಜೆ ಅತ್ಸುಕೊ ಬೀರುವಿನಿಂದ, ಬೆಂಕಿಯ ಬಗ್ಗೆ ಎಚ್ಚರಿಸುತ್ತ ರಾತ್ರಿ ಗಲ್ಲಿಯಲ್ಲಿ ಗಸ್ತು ತಿರುಗುವವರು ಬಡಿಯುವ ಮರದ ತಾಳಗಳನ್ನು ತೆಗೆದು ಗಂಡನ ಕೈಗಿಟ್ಟಳು. ಈಗ ಪ್ರತಿ ಮಂಗಳವಾರ, ಶುಕ್ರವಾರ ಆರೂವರೆಗೆ ಕೊಗುರೆ ಟಕ್ ಟಕ್ ಎಂದು ಅವನ್ನು ಬಡಿಯುತ್ತ, "ಕಸ! ಕಸ!" ಎಂದು ಕೂಗುತ್ತ ಗಲ್ಲಿ ಸುತ್ತುತ್ತಾನೆ. ಅವನ ಕಾರು ಮನೆ ಮುಂದೆ ಸದ್ದಿಲ್ಲದೆ ನಿಂತಿರುತ್ತದೆ.

ಆ 272 ಹಾಕಿಸಿಕೊಂಡವನು ನಾನೇ. ನಿಂತಲ್ಲಿ ಗುಡುಗುತ್ತದೆ ನಿಜ, ಆದರೆ ಏರಿನಲ್ಲಿ ಕಸದ ಲಾರಿಯೇ ನನಗೆ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ. ನೆರೆಯವರು ನಿನ್ನೆ ಬಂದು, ನಿಮ್ಮ ಕಾರು ಎಷ್ಟು ಹುರುಪಾಗಿದೆ ಎಂದು ಬಾಯ್ತುಂಬ ಹೊಗಳಿದರು. ನಮ್ಮ ಬೀದಿಯಲ್ಲಂತೂ ಕಸದ ದಿನಕ್ಕೆ ಎಲ್ಲರೂ ಅಲಾರಂ ಇಟ್ಟುಕೊಂಡೇ ಏಳುತ್ತಾರೆ.