ಗುಂಡಕ್ಕನ ಎಟುಕಿಗೆ ಸಿಗದ ಅಂಜೂರ

ಮಳವಳ್ಳಿಯ ಮುದ್ದಯ್ಯನವರು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿನ ಲಾರಿ ತೂಗಿ ನಿವೃತ್ತರಾದವರು. ಅಳೆಯದೆ, ತೂಗದೆ ಯಾವ ಮಾತನ್ನೂ ನಂಬುವವರಲ್ಲ. (ಮದುವೆಗೆ ಮುಂಚೆ ಒಂದೇ ಒಂದು ಸಲ ನಂಬಿದ್ದರಂತೆ. ಅದನ್ನು ಹೆಂಡತಿ ನಾಗರತ್ನಮ್ಮ ಇಲ್ಲದಾಗ ಮಾತ್ರ ಹೇಳುತ್ತಾರೆ.)

ಮಗಳ ಮಾವ, ಬಸರಾಳಿನ ದೊಡ್ಡಸಿದ್ದಯ್ಯನವರು, ಕುಂಡದಲ್ಲಿ ಬೆಳೆಸಿದ ಅಂಜೂರದ ಗಿಡವೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟು ಹೋದರು. ತುದಿಯಲ್ಲಿ ಮೂರು ಕಾಯಿ. ಮುದ್ದಯ್ಯನವರಿಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಮನೆಯ ಬೆಕ್ಕು ಗುಂಡಕ್ಕ ಬಂದು ಕೆಳಗಿನ ಎಲೆಯೊಂದನ್ನು ಮೂಸಿತು. ಅವರ ತಲೆಗೆ ಹುಳ ಹೊಕ್ಕಿತು. ಈ ಗಿಡ ಬೆಕ್ಕಿಗೆ ಆಗುತ್ತದೋ ಇಲ್ಲವೋ?

ಮೊಬೈಲನ್ನು ಕೇಳಿದರು. ಎಲೆ, ಕೊಂಬೆಯಿಂದ ಒಸರುವ ಹಾಲು ಒಳ್ಳೆಯದಲ್ಲ, ಬೆಕ್ಕು ಕಚ್ಚಿದರೆ ಬಾಯುರಿ, ವಾಂತಿ ಎಂದಿತು.

"ವಾಪಸ್ ಕಳ್ಸಿ," ಎಂದರು ನಾಗರತ್ನಮ್ಮ.

"ಬೀಗ್ರು ಕೊಟ್ಟಿದ್ದ ವಾಪಸ್ ಕಳ್ಸಕಾದದಾ? ನಮ್ ಮಗಳು ಅಲ್ಲಿ ಬಾಳ್ವೆ ಮಾಡ್ಬೇಕು ಕಣಮ್ಮಿ."

"ಅಂಗಾದ್ರೆ ನನ್ ಗುಂಡಕ್ಕ ಸಾಯ್ಲಾ? ನಮ್ ಕೈಲಿ ಬೆಕ್ಕು ಸತ್ರೆ ಬಂಗಾರದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು, ಗೊತ್ತಾ?"

ಮುದ್ದಯ್ಯನವರು ಗುಂಡಕ್ಕನನ್ನು ಒಮ್ಮೆ ನೋಡಿದರು. "ಇದರ ಗಾತ್ರಕ್ಕಾ?"

"ನೆಲುವು ಕಟ್ಟಿ ತೂಗಾಕ್ಬುಡಿ. ನಮ್ಮವ್ವ ಬೆಕ್ಕಿನ ಕಾಟಕ್ಕೆ ಮೊಸರ ಅಂಗೇ ಮಡಗ್ತಿದ್ಲು."

"ಅದು ನಿಮ್ಮವ್ವನ ಕಾಲ. ಮೊದ್ಲು ಬೆಕ್ಕಿನ ಎಟುಕು ಎಷ್ಟು ಅಂತ ಗೊತ್ತಾಗ್ಬೇಕು!"

ಸಂಶೋಧನೆ ಶುರುವಾಯಿತು. ದಾರಕ್ಕೆ ಒಣಮೀನು ಕಟ್ಟಿ ಗೋಡೆಯ ಪಕ್ಕ ಇಳಿಬಿಟ್ಟರು. ಗುಂಡಕ್ಕ ಹಿಂಗಾಲ ಮೇಲೆ ನಿಂತು ಪಂಜ ಚಾಚಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮುದ್ದಯ್ಯನವರದು ಒಂದು ಸಲಕ್ಕೆ ನಂಬುವ ಜೀವವೇ? ಏಳು ಸಲ ಅಳೆದರು, ಏಳು ಮೀನೂ ಗುಂಡಕ್ಕನ ಹೊಟ್ಟೆ ಸೇರಿದವು. ಆಮೇಲೆ ಗಿಡವನ್ನು ಗೆರೆಯ ಪಕ್ಕ ಇಟ್ಟು, ಉರಿಬಿಸಿಲಲ್ಲಿ ಕೂತು, ಗೆರೆಯಿಂದ ಕೆಳಗಿನ ಎಲೆಗಳನ್ನೆಲ್ಲ ಬರಿಗೈಯಲ್ಲಿ ಕಿತ್ತರು. ಕೈಗಂಟಿದ ಹಾಲನ್ನು ಟವೆಲ್ಲಿಗೆ ಒರೆಸಿ, ಅದೇ ಟವೆಲ್ಲಿನಲ್ಲಿ ಮುಖದ ಬೆವರನ್ನೂ ಒರೆಸಿಕೊಂಡರು.

ಮಾರನೆಯ ಬೆಳಿಗ್ಗೆ ಗುಂಡಕ್ಕ ಬಟ್ಟಲಿನ ಹಾಲನ್ನು ಮೂಸಿಯೂ ನೋಡಲಿಲ್ಲ. ಮುದ್ದಯ್ಯನವರು ಬಟ್ಟಲನ್ನು ಅದರ ಮೂತಿಗೇ ಹಿಡಿದರು, ಮುಖ ತಿರುಗಿಸಿತು. ಬಂಗಾರ ಹಾಳಾಗಿ ಹೋಗಲಿ, ದಿನಾ ಮುದ್ದೆ ಮುರಿಯುವಾಗ ತೊಡೆಗೊರಗಿ ಕೂರುವ ಪ್ರಾಣಿ ಅದು! ತಮ್ಮ ಕೈಯುರಿಯನ್ನೂ ಮರೆತು, ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೆಂಡತಿಯೊಡನೆ ಪಶು ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಗುಂಡಕ್ಕನ ಹೊಟ್ಟೆ ಒತ್ತಿದರು. "ನಿನ್ನೆ ಏನ್ ತಿಂತು?"

"ಏಳು ಒಣಮೀನು," ಎಂದರು ನಾಗರತ್ನಮ್ಮ, ಗಂಡನನ್ನು ದುರುಗುಟ್ಟಿ ನೋಡುತ್ತ.

"ಮತ್ತೆ ಹಸಿವೆಲ್ಲಿಂದ ಬರ್ಬೇಕು? ಬೆಕ್ಕು ಕಲ್ಲುಗುಂಡಿನ ಹಾಗಿದೆ." ಆಮೇಲೆ ಅವರ ಕಣ್ಣು ಮುದ್ದಯ್ಯನವರ ಮೇಲೆ ಬಿತ್ತು. ಕೈಯೆಲ್ಲ ಬೊಬ್ಬೆ, ಮೀಸೆಯ ಸುತ್ತ ಕೆಂಪಗೆ ಬಾವು. ಕಥೆಯೆಲ್ಲ ಕೇಳಿ ಡಾಕ್ಟರಮ್ಮ ನಕ್ಕುಬಿಟ್ಟರು. "ಅಂಜೂರದ ಹಾಲಿಗೆ ಬಿಸಿಲು ಸೇರಿದ್ರೆ ಮನುಷ್ಯರ ಚರ್ಮಾನೂ ಸುಡುತ್ತೆ ಯಜಮಾನ್ರೇ. ದೊಡ್ಡಾಸ್ಪತ್ರೆಗೆ ಹೋಗಿ. ಇಲ್ಲಿ ನಾನು ನಿಮ್ಮನ್ನ ನೋಡೋ ಹಾಗಿಲ್ಲ."

ಹಿಂದೆ ಹಸು ಹಿಡಿದು ನಿಂತಿದ್ದವರೆಲ್ಲ ನಕ್ಕರು.

ಗಂಡನಿಗೆ ದೊಡ್ಡಾಸ್ಪತ್ರೆಯಲ್ಲಿ ಮುಲಾಮು ಹಚ್ಚಿಸಿ ಮನೆಗೆ ಬಂದದ್ದೇ ನಾಗರತ್ನಮ್ಮ ಅಂಜೂರದ ಕುಂಡಕ್ಕೆಂದು ಜಗುಲಿಯ ತೊಲೆಗೆ ನೆಲುವು ಕಟ್ಟಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಗಂಡನನ್ನು ಕರೆದರು.

"ಗೋಡೆ ಪಕ್ಕ ನಿಂತ್ಕೊಂಡು ಕೈ ಮೇಲೆತ್ತಿ."

"ಯಾಕಮ್ಮಿ?"

"ಗುಂಡಕ್ಕನ ಎಟುಕು ಗೊತ್ತಾಯ್ತಲ್ಲ, ಈಗ ನಿಮ್ದು ಗೊತ್ತಾಗ್ಬೇಕು."