ಟೈರು ನಂಜನಗೂಡಿನಲ್ಲಿ, ಚಕ್ರ ಸೋಸಲೆಯಲ್ಲಿ

ನನಗೆ ಕೋಪವೇ ಬರುವುದಿಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೋಪ ಬರದಿರಲು ಅವರೇನು ಅಷ್ಟು ದೊಡ್ಡ ಪುಣ್ಯಾತ್ಮರೇ, ಅಥವಾ ಅವರಿಗೆ ಅಣ್ಣಂದಿರು ಇಲ್ಲವೇ? ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬೋರ್ಡಿನ ಮೇಲೆ ನನ್ನ ಸೀಮೆಸುಣ್ಣ ಪಟ್ಟೆಂದು ಮುರಿಯಿತೆಂದರೆ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಾರೆ. ಮನೆಯಲ್ಲಿ ಸೀಮೆಸುಣ್ಣವಿಲ್ಲದ ಕಾರಣ ನಮ್ಮ ಯಜಮಾನರು ಅಡುಗೆಮನೆಯ ಪಾತ್ರೆಗಳ ಸದ್ದಿನಿಂದಲೇ ಹವಾಮಾನ ತಿಳಿದುಕೊಳ್ಳುತ್ತಾರೆ. "ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರಲ್ಲ ಕಣೇ" ಎಂದು ಆಗಾಗ ಗಾದೆ ಹೇಳುವುದೂ ಉಂಟು. ನನ್ನ ಮೂಗು ದೇವರ ದಯದಿಂದ ಇನ್ನೂ ಮುಖದ ಮೇಲೇ ಇದೆ. ನೆಮ್ಮದಿ ಮಾತ್ರ ಇಲ್ಲ. ಅದು ಹೋದದ್ದು ಒಂದು ಟೈರಿನಿಂದ.

ನಮ್ಮ ತಂದೆ ಹುಲ್ಲಹಳ್ಳಿಯಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡಿದ್ದವರು. ಯಾವುದೋ ತೋಟದ ಸಾಹೇಬರು ಊರು ಬಿಡುವಾಗ ಅವರಿಂದ ಕೊಂಡ ವಿಲಾಯಿತಿ ಕಾರೊಂದು ಅವರಲ್ಲಿತ್ತು. ದುಂಡು ಬೆನ್ನಿನ ಕರೀ ಕಾರು. ಟೈರುಗಳ ಹೊರಮೈಗೆ ಸುತ್ತಲೂ ಅಗಲವಾದ ಬಿಳಿ ಪಟ್ಟಿ. ಸೋಮವಾರ ಬಂತೆಂದರೆ ಆ ಪಟ್ಟಿಗಳನ್ನು ಸೀಗೆಪುಡಿ ಹಾಕಿ ತಿಕ್ಕುವುದು ನನ್ನ ಕೆಲಸ. ಅಣ್ಣಂದಿರಿಬ್ಬರಿಗೆ ಸ್ಟೀರಿಂಗು, ನನಗೆ ಸೀಗೆಪುಡಿ. ಆ ಕಾರು ಮೊಣಕಾಲಿನ ಮಟ್ಟದಿಂದ ಕೆಳಗೆ ಹೇಗಿತ್ತು ಎಂದು ನನ್ನನ್ನು ಬಿಟ್ಟರೆ ಇನ್ನಾರೂ ಹೇಳಲಾರರು. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ಗದ್ದೆ, ಮನೆ, ಮಂಡಿ ಎಲ್ಲವನ್ನೂ ಒಂದೇ ಮಧ್ಯಾಹ್ನ ಕೂತು ಸಲೀಸಾಗಿ ಹಂಚಿಕೊಂಡರು. ದೊಡ್ಡಪ್ಪನೊಬ್ಬರು "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅಂದರು. ನಾನು ತೋರಿಸಿದ ಕಡೆ ಸಹಿ ಹಾಕಿ ಎದ್ದೆ. ಕಾರಿನ ಮಾತು ಬಂದಾಗಲೇ ಬೆಂಕಿ ಹತ್ತಿದ್ದು. ನನಗೆ ಬೇಕು ಎಂದು ದೊಡ್ಡಣ್ಣ, ನನಗೇ ಬೇಕು ಎಂದು ಚಿಕ್ಕಣ್ಣ. ಪಂಚಾಯಿತಿಗೆ ಕೂತವರು ಬೇಸತ್ತು ಕಾರನ್ನೇ ಮೈಸೂರಿನ ಹಳೇ ಕಾರಿನ ಹುಚ್ಚರೊಬ್ಬರಿಗೆ ಮಾರಿಸಿಬಿಟ್ಟರು. ಅಷ್ಟಕ್ಕೂ ಸಮಾಧಾನವಾಗದೆ, ಅಟ್ಟದಲ್ಲಿ ಗೋಣಿ ಸುತ್ತಿಟ್ಟಿದ್ದ ಬಳಸದ ಟೈರೊಂದನ್ನು ದೊಡ್ಡಣ್ಣ ನಂಜನಗೂಡಿನ ತನ್ನ ಮನೆಗೆ ಒಯ್ದ. ಸ್ಟೆಪ್ನಿಯ ಟೈರು ಎಂದೋ ಕೊಳೆತು ಹೋಗಿತ್ತು. ಅದರ ಬರೀ ಚಕ್ರವನ್ನು ಚಿಕ್ಕಣ್ಣ ಸೋಸಲೆಗೆ ಒಯ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವುದು ಸುಳ್ಳಲ್ಲ.

ಇದನ್ನೆಲ್ಲ ನಾನು ನುಂಗಿಕೊಂಡೇ ಇದ್ದೆ. ಆದರೆ ಒಮ್ಮೆ ದೊಡ್ಡಣ್ಣನ ಮನೆಗೆ ಹೋದಾಗ ಅಪ್ಪನ ಟೈರು ಹಿತ್ತಲಲ್ಲಿ ನೀರಿನ ಡ್ರಮ್ಮಿಗೆ ಸಿಂಬಿಯಾಗಿ ಬಿದ್ದಿತ್ತು. ಮುಂದಿನ ವಾರ ಸೋಸಲೆಗೆ ಹೋದರೆ ಚಕ್ರಕ್ಕೆ ಎಮ್ಮೆ ಕಟ್ಟಿದ್ದರು. ಇದಕ್ಕಾಗಿಯೇ ಇವರು ಪಂಚಾಯಿತಿ ಸೇರಿಸಿದ್ದು! ನನಗೆ ಬಂದ ಸಿಟ್ಟಿಗೆ ಎಮ್ಮೆಯೂ ಎರಡು ಹೆಜ್ಜೆ ಹಿಂದೆ ಸರಿಯಿತು. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿಯ ಒತ್ತಾಯಕ್ಕೆ ಗ್ಯಾರೇಜೊಂದನ್ನು ಕಟ್ಟಿಸಿದ್ದೆವು. ಅದರಲ್ಲಿ ಯಜಮಾನರ ಮೊಪೆಡ್ಡು, ತೆಂಗಿನಕಾಯಿ ರಾಶಿ ಮತ್ತು ಒಂದು ಕಾಲು ಮುರಿದ ಕುರ್ಚಿ ಸುಖವಾಗಿದ್ದವು. ಆ ಗೋಡೆಗೆ ಅಪ್ಪನ ಕಾರಿನ ಚಕ್ರವನ್ನು ಟೈರು ತೊಡಿಸಿ, ಬಿಳಿ ಪಟ್ಟಿ ತಿಕ್ಕಿ, ನೇತು ಹಾಕುತ್ತೇನೆ ಎಂದು ತೀರ್ಮಾನಿಸಿದೆ. "ಕಾರಿಲ್ಲದ ಗ್ಯಾರೇಜಿಗೆ ಚಕ್ರವೇ?" ಎಂದರು ಯಜಮಾನರು. ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಕೇಳಿಸಿಕೊಂಡು, "ಇರಲಿ, ಗೋಡೆ ಖಾಲಿ ಇದೆ" ಎಂದರು.

ದೊಡ್ಡಣ್ಣ ಟೈರಿನ ಮೇಲಿನ ಡ್ರಮ್ಮನ್ನು ಪಕ್ಕಕ್ಕೆ ಸರಿಸಿಕೊಟ್ಟ. "ಎಣ್ಮಕ್ಳಿಗೆ ಟೈರ್ ಯಾಕವ್ವಾ? ಉಯ್ಯಾಲೆ ಕಟ್ಟೀಯಾ?" ಎಂದು ನಕ್ಕ. ಚಿಕ್ಕಣ್ಣ ಎಮ್ಮೆ ಬಿಚ್ಚಿಕೊಟ್ಟು, "ತಕೊಂಡೋಗು, ಇಲ್ ಬಿದ್ದಿರದು ತಾನೆ" ಎಂದ. ಒಬ್ಬನಿಗೂ ಇನ್ನೊಬ್ಬನ ಹೆಸರೆತ್ತುವ ಧೈರ್ಯವಿಲ್ಲ. ನನಗೂ ಎತ್ತಬೇಕು ಅನ್ನಿಸಲಿಲ್ಲ. ನಂಜನಗೂಡಿನಿಂದ ಟೈರನ್ನು ಬಸ್ಸಿನಲ್ಲಿ ತರುವಾಗ ಆದ ಅವಮಾನವನ್ನು ಹೇಳಲೇಬೇಕು. ಕಂಡಕ್ಟರು, "ಗಾಡಿ ಎಲ್ಲಿ ಕೆಟ್ಟೋಗದಮ್ಮಾ?" ಎಂದು ಕೇಳಿದ. ಗಾಡಿ ಇಲ್ಲ ಎಂದೆ. "ಗಾಡಿ ಇಲ್ದೆ ಟೈರಾ?" ಎಂದು ಅವನು ಡ್ರೈವರಿಗೆ ಕೂಗಿ ಹೇಳಿದ, ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ. ಬಸ್ಸಿಳಿದ ಮೇಲೆ ಹೂವಿನವಳು ಕೇಳಿದಳು. ನಮ್ಮ ಹೆಡ್‌ಮಾಸ್ಟರು ಸ್ಕೂಟರು ನಿಲ್ಲಿಸಿ ಕೇಳಿದರು. ಎಲ್ಲರಿಗೂ ಒಂದೇ ಪ್ರಶ್ನೆ, ಗಾಡಿ ಎಲ್ಲಿ? ಒಬ್ಬ ಹೆಂಗಸು ಟೈರು ಹಿಡಿದು ನಿಂತರೆ ಊರಿಗೆ ಊರೇ ಅವಳ ಗಾಡಿಯ ಲೆಕ್ಕ ಕೇಳುತ್ತದೆ. ಗಂಡಸರು ಖಾಲಿ ಕೈಯಲ್ಲಿ ದಿನಗಟ್ಟಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಯಾರೂ ಏನೂ ಕೇಳುವುದಿಲ್ಲ.

ಪಂಕ್ಚರ್ ಅಂಗಡಿಯ ಸಿದ್ದರಾಜುವಿನ ಮುಂದೆ ಟೈರು, ಚಕ್ರ ಎರಡನ್ನೂ ಇಳಿಸುವಾಗ ನನ್ನ ತಲೆ ಕೆಂಡವಾಗಿತ್ತು. ಅವನೂ, "ಮೇಡಮ್ಮಾರೆ, ಗಾಡಿ?" ಎಂದ. ಪ್ರದರ್ಶನಕ್ಕಪ್ಪ, ಓಡಿಸುವುದಕ್ಕಲ್ಲ ಎಂದೆ. "ಓಡ್ಸಕಿಲ್ವಾ? ಮತ್ಯಾಕೆ ಆಕದು? ಯಜಮಾನ್ರು ಬಂದ್ ಏಳ್ಲಿ" ಎಂದ. ಯಜಮಾನರಿಗೆ ಇದರಲ್ಲಿ ಏನೂ ಗೊತ್ತಿಲ್ಲ, ಹೇಳುತ್ತಿರುವವಳು ನಾನೇ ಎಂದು ರಸ್ತೆಗೆಲ್ಲ ಕೇಳುವಂತೆ ಹೇಳಿದ ಮೇಲೆ ಕೆಲಸಕ್ಕೆ ಕೈ ಹಾಕಿದ. ಹಳೇ ಟೈರು ಒಣಗಿ ಮರದಂತಾಗಿತ್ತು. ಅದನ್ನು ಬಿಸಿಲಿಗೆ ಮಲಗಿಸಿ ಮೆದುವಾಗಿಸಿದ. ಚಕ್ರದ ತುಕ್ಕು ಉಜ್ಜಿದ. ಟೈರಿನ ಅಂಚಿಗೆ ಸೋಪಿನ ನೀರು ಬಳಿದು, ಎರಡು ಕಬ್ಬಿಣದ ಪಟ್ಟಿ ತೂರಿಸಿ, ಮಂಡಿಯೂರಿ ಮೀಟತೊಡಗಿದ. ಒಂದು ಕಡೆ ಒಳಗೆ ಹೋದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಸುತ್ತ ಜನ ಸೇರಿದರು. ಸೇರಿದವರೆಲ್ಲ ಗಾಡಿ ಎಲ್ಲಿ ಎಂದು ಕೇಳಿದರು. ಆ ಗಲಾಟೆಯ ನಡುವೆ ಸಿದ್ದರಾಜು ತಲೆ ಎತ್ತಿ, "ಮೇಡಮ್ಮಾರೆ, ಬಿಳೀದು ಯಾವ್ ಕಡೀಕೆ?" ಎಂದ. ಮತ್ತೆ ಗಾಡಿಯ ವಿಚಾರವೇ ಎಂದುಕೊಂಡು ನಾನು, "ಯಾವ ಕಡೆಗಾದರೂ ಹಾಕಪ್ಪಾ, ನನ್ನ ತಲೆ ತಿನ್ನಬೇಡ!" ಎಂದು ಅರಚಿದೆ. ಅವನು ಯಾವ ಕಡೆಗಾದರೂ ಹಾಕಿದ. ಒಳಗೊಂದು ಹಳೇ ಟ್ಯೂಬಿಟ್ಟು ಗಾಳಿ ತುಂಬಿದಾಗ ಟೈರು ಢಪ್ಪೆಂದು ಚಕ್ರಕ್ಕೆ ಕೂತಿತು. ಆ ಸದ್ದಿಗೆ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ.

ಮನೆಗೆ ತಂದು ಗೋಡೆಗೆ ನೇತುಹಾಕಿ ದೂರ ನಿಂತು ನೋಡಿದೆ. ಬಿಳಿ ಪಟ್ಟಿ ಇಲ್ಲ! ಅದು ಚಕ್ರದ ಬೆನ್ನಿನ ಕಡೆ ಸೇರಿ ಗೋಡೆಗೆ ಮುಖ ಮಾಡಿತ್ತು. ತಿರುಗಿಸಿ ಹಾಕಿದರೆ ಬಿಳಿ ಪಟ್ಟಿ ಕಾಣುತ್ತದೆ, ಆದರೆ ಚಕ್ರದ ಟೊಳ್ಳು ಬೆನ್ನು ಕಾಣುತ್ತದೆ. ಚಕ್ರದ ಮುಖ ಬೇಕಾದರೆ ಟೈರು ಬರೀ ಕರಿ. ಯಜಮಾನರು ಮೆಲ್ಲಗೆ, "ಸಿದ್ದರಾಜು ಹತ್ತಿರ ಇನ್ನೊಂದು ಸಲ..." ಎಂದರು. ಅಷ್ಟು ಜನರ ಮುಂದೆ ಕೂಗಾಡಿ ಬಂದವಳು ಅದೇ ಚಕ್ರ ಹೊತ್ತುಕೊಂಡು ಮತ್ತೆ ಹೋಗುವುದೇ? ಇದು ಹೀಗೇ ಇರಬೇಕಾದದ್ದು ಎಂದುಬಿಟ್ಟೆ. ಯಜಮಾನರು ನಾನು ಏನು ಹೇಳಿದರೂ ನಂಬುವ ಕಲೆಯನ್ನು ಮದುವೆಯಾದ ಹೊಸತರಲ್ಲೇ ಕಲಿತಿದ್ದಾರೆ.

ಗೌರಿ ಹಬ್ಬ ಬಂತು. ಬಾಗಿನ ಕೊಡಲು ಪ್ರತಿವರ್ಷ ದೊಡ್ಡಣ್ಣ ಬೆಳಿಗ್ಗೆ ಬಂದರೆ ಚಿಕ್ಕಣ್ಣ ಸಂಜೆ ಬರುತ್ತಾನೆ, ಒಬ್ಬರ ಮುಖ ಒಬ್ಬರು ನೋಡಬಾರದೆಂದು. ಆ ವರ್ಷ ಚಕ್ರದ ಸುದ್ದಿ ಇಬ್ಬರಿಗೂ ಮುಟ್ಟಿ, ಇಬ್ಬರೂ ಬೆಳಿಗ್ಗೆಯೇ ಬಂದು ಗ್ಯಾರೇಜಿನಲ್ಲಿ ಎದುರಾದರು. ಇಬ್ಬರೂ ಗೋಡೆಯ ಮುಂದೆ ಕೈಕಟ್ಟಿ ನಿಂತರು. ದೊಡ್ಡಣ್ಣ, "ಬಿಳೀ ಪಟ್ಟಿ ಒಳೀಕೋಗದಲ್ಲಾ" ಎಂದ. ಚಿಕ್ಕಣ್ಣ, "ಊ ಕಣಣ್ಣ. ಎಂಗಸ್ರ ಕೈಗೆ ಕೊಟ್ರೆ ಇನ್ನೇನಾದದು" ಎಂದ. ವರ್ಷಗಟ್ಟಲೆ ಮಾತು ಬಿಟ್ಟವರು ಆಡಿದ ಮೊದಲ ಮಾತು ಇದು. ಅಣ್ಣ ಎಂಬ ಶಬ್ದ ಕೇಳಿ ನನಗೆ ಒಂದು ಗಳಿಗೆ ಸಂತೋಷವೇ ಆಯಿತು. ಆಮೇಲೆ ಅವರು ಮಾತು ಮುಂದುವರಿಸಿದರು.

"ಅಪ್ಪನ್ ಗಾಡಿ ಚಕ್ರ. ನಮ್ಮನೇಲಿರ್ಬೇಕಾದ್ದು" ಎಂದ ದೊಡ್ಡಣ್ಣ. "ಸರಿಯಾಗಿ ಆಕ್ಸಿ, ಆರ್ ತಿಂಗ್ಳು ನಿನ್ ತಾವ್ ಮಡೀಕೊ, ಆರ್ ತಿಂಗ್ಳು ನನ್ ತಾವ್ ಇರ್ಲಿ."

"ಆಗ್ಲಿ ಕಣಣ್ಣ" ಎಂದ ಚಿಕ್ಕಣ್ಣ, ಎಂದೂ ಯಾವುದಕ್ಕೂ ಒಪ್ಪದವನು.

"ಹನ್ನೆರಡು ತಿಂಗಳೂ ಮುಗಿಯಿತಲ್ಲ. ನನಗೆ ಯಾವ ತಿಂಗಳು?" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ದೊಡ್ಡಣ್ಣ ಬಹಳ ಪ್ರೀತಿಯಿಂದಲೇ ಹೇಳಿದ: "ನಿಂಗೆ ಬಾಗ್ನ ತಂದಿದೀವಲ್ಲವ್ವಾ."

ಗಂಡುಮಕ್ಕಳಿಗೆ ಭಾಗ, ಹೆಣ್ಣುಮಕ್ಕಳಿಗೆ ಬಾಗಿನ. ಅಷ್ಟು ವರ್ಷ ಗಣಿತ ಹೇಳಿಕೊಟ್ಟವಳಿಗೆ ಈ ಭಾಗಾಕಾರ ಅಂದು ಅರ್ಥವಾಯಿತು. ನಾನು ಏನು ಹೇಳಿದೆ ಎನ್ನುವುದನ್ನು ಇಲ್ಲಿ ಬರೆಯಲಾರೆ. ಪಕ್ಕದ ಮನೆಯವರಿಗೆ ಈಗಲೂ ಬಾಯಿಪಾಠವಿದೆ. ಇಬ್ಬರನ್ನೂ ಹೊರಗೆ ಕಳಿಸಿ ಗ್ಯಾರೇಜಿಗೆ ಬೀಗ ಜಡಿದು ಬೀಗದಕೈಯನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡೆ. ಹೋಳಿಗೆಯನ್ನೂ ಮುಟ್ಟದೆ ಅವರಿಬ್ಬರೂ ಜೊತೆಯಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಈಗ ಅವರಿಬ್ಬರೂ ದಿನವೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಾರಂತೆ, ನನ್ನ ವಿಷಯವನ್ನು. ನನ್ನ ಜೊತೆ ಮಾತ್ರ ಇಬ್ಬರಿಗೂ ಮಾತಿಲ್ಲ.

ಬಿಳಿ ಪಟ್ಟಿ ಇನ್ನೂ ಗೋಡೆಯ ಕಡೆಗೇ ಇದೆ. ಸಿದ್ದರಾಜು ಅದನ್ನು ಸರಿಮಾಡಿಕೊಡುತ್ತೇನೆಂದು ಹೇಳಿಕಳಿಸಿದ. ಸರಿಮಾಡಿಸಿದರೆ ಅಣ್ಣಂದಿರು ಹೇಳಿದ್ದೇ ಸರಿ ಎಂದಾಗುತ್ತದೆ, ಆದ್ದರಿಂದ ಒಪ್ಪಲಿಲ್ಲ. ಬೀಗ ಹಾಕಿದ ದಿನ ಮೊಪೆಡ್ಡು ಒಳಗೇ ಉಳಿದು, ಯಜಮಾನರು ಅಂದಿನಿಂದ ಆಫೀಸಿಗೆ ನಡೆದುಕೊಂಡು ಹೋಗುತ್ತಿದ್ದಾರೆ. ಬೀಗ ತೆಗೆದರೆ ಅದೇ ಹೊತ್ತಿಗೆ ಅಣ್ಣಂದಿರು ಬಂದರೆ ಏನು ಗತಿ? ನಿನ್ನೆ ಬೆಳಿಗ್ಗೆ ಯಜಮಾನರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ತಮ್ಮ ಮೂಗು ಮುಟ್ಟಿಕೊಂಡು, "ನಿಮ್ಮಪ್ಪ ಮೂರು ಜನಕ್ಕೂ ಸಮಭಾಗ ಮಾಡಿಯೇ ಹೋಗಿದಾರೆ ಬಿಡು" ಎಂದರು. ಯಾವುದರಲ್ಲಿ ಎಂದು ನಾನು ಕೇಳಲಿಲ್ಲ. ಬೀಗದಕೈಯನ್ನೂ ಕೊಡಲಿಲ್ಲ.