ನಮ್ಮನೆಯವರ ಕೊರಿಯಾ ಪಲ್ಯ

ಪರದೇಶಕ್ಕೆ ಹೋದವರು ಆಫೀಸಿನಲ್ಲಿ ಪಟ್ಟ ಫಜೀತಿಗಳನ್ನು ಹೇಳಿಕೊಳ್ಳುತ್ತಾರೆ. ಅಡುಗೆಮನೆಯ ಫಜೀತಿಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಲೆ ಹಚ್ಚುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಅದು ಆಗುತ್ತಿದ್ದುದು ಹೆಚ್ಚಾಗಿ ಭಾನುವಾರ, ಹೆಚ್ಚಾಗಿ ದನದ ಮಾಂಸದ ವಿಷಯದಲ್ಲಿ, ಮತ್ತು ಯಾವಾಗಲೂ ನಮ್ಮನೆಯವರಿಂದ.

ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ನಾವು ಧಾರವಾಡದ ಕ್ರೈಸ್ತರು, ಮನೆಮಾತು ಕನ್ನಡ. ನಾನು ಅಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಮ್ಮನೆಯವರಿಗೆ ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ಬಂದು ಪಕ್ಕದ ಊರಿನಲ್ಲಿ ಒಂದು ಮನೆ ಹಿಡಿದೆವು. ಕೆಳಗಿನ ಮನೆಯಲ್ಲಿ ಒಬ್ಬ ಕೊರಿಯಾದ ಹೆಂಗಸು ಇದ್ದರು. ಚಿಕ್ಕ ವಯಸ್ಸಿನಲ್ಲಿ ನರ್ಸ್ ಕೆಲಸಕ್ಕೆಂದು ಈ ದೇಶಕ್ಕೆ ಬಂದು, ಇಲ್ಲಿಯೇ ನಿವೃತ್ತರಾದವರು. ನಾವು ಅವರನ್ನು ಕೊರಿಯಾ ಆಂಟಿ ಎನ್ನುತ್ತಿದ್ದೆವು. ನಮ್ಮನೆಯವರಿಗೆ ಬುಲ್ಗೋಗಿ ಕಲಿಸಿದವರು ಅವರೇ. ತೆಳ್ಳಗೆ ಕತ್ತರಿಸಿದ ದನದ ಮಾಂಸವನ್ನು ಸೋಯಾ ಸಾಸ್, ಬೆಳ್ಳುಳ್ಳಿ, ಎಳ್ಳೆಣ್ಣೆ, ಹಣ್ಣಿನ ತಿರುಳಿನಲ್ಲಿ ನೆನೆಸಿಟ್ಟು, ದೊಡ್ಡ ಉರಿಯಲ್ಲಿ ಬಾಡಿಸುವುದು. ಅಲ್ಲಿಯವರೆಗೆ ನಮಗೆ ಮಾಂಸವೆಂದರೆ ಚರ್ಚಿನಿಂದ ಬಂದ ಮೇಲೆ ಕುಕ್ಕರಿನಲ್ಲಿ ಬೇಯುವ ಸಾರು. ಅಂದಿನಿಂದ ಭಾನುವಾರದ ಅಡುಗೆಮನೆ ನನ್ನ ಕೈ ತಪ್ಪಿತು.

ನಾವು ಬಂದ ಮೂರನೆಯ ಚಳಿಗಾಲದಲ್ಲಿ ನಮ್ಮನೆಯವರು ಹೃದಯಾಘಾತದಿಂದ ತೀರಿಕೊಂಡರು. ಮಗಳ ಶಾಲೆ ನಡುವೆ ನಿಲ್ಲಬಾರದೆಂದು ನಾನು ಇಲ್ಲಿಯೇ ಒಂದು ಸಣ್ಣ ಕೆಲಸ ಹಿಡಿದು ಉಳಿದೆ. ಮೊದಲೇ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುತ್ತಿದ್ದ ಹುಡುಗಿ, ಆಮೇಲೆ ಊಟದ ಮೇಜಿನಲ್ಲಿ ಯಾವ ಭಾಷೆಯಲ್ಲೂ ಮಾತಾಡುವುದನ್ನು ಬಿಟ್ಟಳು. ಬ್ರೆಡ್ಡು ಬೆಣ್ಣೆ ತಿಂದು ಎದ್ದುಬಿಡುವಳು. ಹುಟ್ಟುಹಬ್ಬ ಹತ್ತಿರ ಬಂದಾಗ, ಏನು ಮಾಡಲಿ ಎಂದು ಕೇಳಿದೆ.

"ಪಪ್ಪನ ಬುಲ್ಗೋಗಿ," ಎಂದಳು.

ಅದನ್ನು ನಾನು ಬೇಕಾದಷ್ಟು ತಿಂದಿದ್ದೆ, ಮಾಡಿರಲಿಲ್ಲ. ಅವರು ಹೇಗೆ ಮಾಡುತ್ತಿದ್ದರು ಎಂದು ತಿಳಿಯಲು, ಆ ಅಡುಗೆಯ ಸುತ್ತ ನಡೆದದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳಬೇಕಾಯಿತು.

ತೆಳು, ಇನ್ನೂ ತೆಳು

ಮೊದಲ ಸಲ ಮಾಂಸ ತರಲು ನಮ್ಮನೆಯವರೇ ಹೋದರು. ಹಿಂದೆ ನಾನೂ ಇದ್ದೆ. ಅಂಗಡಿಯವನು ದಪ್ಪ ಮೀಸೆಯ ಗಂಭೀರ ಮನುಷ್ಯ. ಆ ಊರಿನಲ್ಲಿ ದನದ ಮಾಂಸವನ್ನು ಒಂದೋ ತುಂಡು ಮಾಡಿ ಬೇಯಿಸುತ್ತಾರೆ, ಇಲ್ಲವೇ ಹಾಳೆ ಮಾಡಿ ಸುರುಳಿ ಸುತ್ತುತ್ತಾರೆ. ಅವನು ಸುರುಳಿಯ ಹಾಳೆಯಷ್ಟು ತೆಳುವಾಗಿ ಕತ್ತರಿಸಿ ತೋರಿಸಿದ.

"ತೆಳು," ಎಂದರು ನಮ್ಮನೆಯವರು, ತಮಗೆ ಬರುತ್ತಿದ್ದ ಜರ್ಮನ್‌ನಲ್ಲಿ.

ಅವನು ಅದರ ಅರ್ಧಕ್ಕೆ ಕತ್ತರಿಸಿದ.

"ಇನ್ನೂ ತೆಳು."

ಅವನು ಚಾಕು ಬದಲಾಯಿಸಿದ. ನಮ್ಮ ಹಿಂದೆ ಬುಟ್ಟಿ ಹಿಡಿದ ಹೆಂಗಸರ ಸಾಲು ಬೆಳೆಯುತ್ತಿತ್ತು. ನಮ್ಮನೆಯವರು ಜೇಬಿನಿಂದ ಬಸ್ ಟಿಕೆಟ್ ತೆಗೆದು, ಅದನ್ನು ಬೆಳಕಿಗೆ ಹಿಡಿದು, "ಹೀಗೆ," ಎಂದರು. ಸಾಲಿನಲ್ಲಿದ್ದವರೆಲ್ಲ ಟಿಕೆಟ್ ನೋಡಿದರು. ಅಂಗಡಿಯವನು ಚಾಕು ಕೆಳಗಿಟ್ಟು, ಇಡೀ ಮಾಂಸದ ತುಂಡನ್ನೇ ಕಟ್ಟಿಕೊಟ್ಟ.

ಕೊರಿಯಾ ಆಂಟಿ ನಕ್ಕು ಉಪಾಯ ಹೇಳಿದರು: ಇಡೀ ತುಂಡನ್ನು ಫ್ರೀಜರಿನಲ್ಲಿ ಅರ್ಧ ಗಟ್ಟಿಯಾಗಲು ಬಿಡು, ಆಮೇಲೆ ಕತ್ತರಿಸು. ನಮ್ಮನೆಯವರು ಇಟ್ಟು ಮರೆತರು. ತೆಗೆದಾಗ ಅದು ಕಲ್ಲು. ಚಾಕು ಜಾರಿತು. ಕೊನೆಗೆ ಪೆಟ್ಟಿಗೆಯಿಂದ ಹೊಸ ಗರಗಸ ತೆಗೆದು, ಬಿಸಿನೀರಿನಲ್ಲಿ ತೊಳೆದು, ಅಡುಗೆಮನೆಯ ಮೇಜಿಗೆ ಮಾಂಸವನ್ನು ಒತ್ತಿ ಹಿಡಿದು ಕೊಯ್ಯಲು ನಿಂತರು.

"ಅಕ್ಕೋರ, ಆ ಕಡೆ ಗಟ್ಟಿ ಹಿಡೀರಿ," ಎಂದರು ನನಗೆ. ಧಾರವಾಡದಲ್ಲಿ ಶಾಲೆಯ ಮಕ್ಕಳು ನನ್ನನ್ನು ಕರೆಯುತ್ತಿದ್ದ ಹೆಸರದು. ಚೇಷ್ಟೆ ಮಾಡುವಾಗ ಅವರೂ ಹಾಗೆಯೇ ಕರೆಯುತ್ತಿದ್ದರು.

ಮುಂದಿನ ವಾರ ಅಂಗಡಿಗೆ ಹೋದಾಗ, ಮೀಸೆಯವನು ನಮ್ಮನ್ನು ದೂರದಿಂದಲೇ ಗುರುತಿಸಿ, ಅಷ್ಟೇ ಗಂಭೀರವಾಗಿ ಕೇಳಿದ: "ಇವತ್ತು ಮಾಂಸ ಬೇಕೋ, ಬಸ್ ಟಿಕೆಟ್ಟೋ?"

ಯಾವ ದೇಶದ್ದು

ಬುಲ್ಗೋಗಿಗೆ ಕೊರಿಯಾದವರು ಅಲ್ಲಿನ ಪೇರ್ ಹಣ್ಣನ್ನು ಅರೆದು ಹಾಕುತ್ತಾರಂತೆ. ಆಂಟಿ ಈ ದೇಶಕ್ಕೆ ಬಂದ ಕಾಲದಲ್ಲಿ ಇಲ್ಲಿ ಅದು ಸಿಗುತ್ತಿರಲಿಲ್ಲ. ಅದಕ್ಕೆ ಅವರು ಇಲ್ಲಿನ ಅಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುವ, ಮಕ್ಕಳಿಗೆ ತಿನ್ನಿಸುವ ಸೇಬಿನ ತಿರುಳನ್ನು ಹಾಕಲು ಶುರು ಮಾಡಿದರು. ನಮ್ಮನೆಯವರಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಬಾಟಲಿ ತೋರಿಸಿ, "ಇದು ನೋಡ್ರಿ, ಕೊರಿಯಾದ ಹಳೇ ಪದ್ಧತಿ," ಎನ್ನುತ್ತಿದ್ದರು.

ತಾವೂ ಸುಮ್ಮನಿರಲಿಲ್ಲ. ಒಂದು ವಾರ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಸೇರಿತು. ಇನ್ನೊಂದು ವಾರ ಸಕ್ಕರೆಯ ಜಾಗದಲ್ಲಿ ಬೆಲ್ಲ ಬಂತು. ಆಂಟಿ ರುಚಿ ನೋಡಿ ತಲೆದೂಗಿದರು, ತಮ್ಮ ಮನೆಯಲ್ಲೂ ಹಾಗೆಯೇ ಮಾಡತೊಡಗಿದರು.

ಒಮ್ಮೆ ಆಫೀಸಿಗೆ ಕೊರಿಯಾದಿಂದ ಒಬ್ಬ ಯುವಕ ಎಂಜಿನಿಯರ್ ಬಂದಿದ್ದ. ಊರಿನ ಊಟ ಸಿಗದೆ ಸೊರಗಿದ್ದಾನೆಂದು ನಮ್ಮನೆಯವರು ಅವನನ್ನು ಮನೆಗೆ ಕರೆತಂದರು. ಆಂಟಿಯನ್ನೂ ಕರೆದರು. ಆ ಹುಡುಗ ಬಹಳ ವಿನಯವಂತ. ಒಂದು ತುತ್ತು ತಿಂದ, ಕೈ ತಡೆದ. ಇನ್ನೊಂದು ತಿಂದ. ಮೂರನೆಯ ಸಲ ತಾನೇ ಬಡಿಸಿಕೊಂಡ. ಎಲ್ಲರಿಗೂ ಸಮಾಧಾನವಾಯಿತು. ತಟ್ಟೆ ಬರಿದಾದ ಮೇಲೆ ಅವನು ಕೈ ಒರೆಸಿಕೊಂಡು, "ತುಂಬ ಚೆನ್ನಾಗಿತ್ತು. ಇದು ಯಾವ ದೇಶದ ಅಡುಗೆ?" ಎಂದು ಕೇಳಿದ.

ನಮ್ಮನೆಯವರು ಆಂಟಿಯ ಕಡೆ ಕೈ ತೋರಿಸಿದರು. ಅದೇ ಹೊತ್ತಿಗೆ ಆಂಟಿ ನಮ್ಮನೆಯವರ ಕಡೆ ಕೈ ತೋರಿಸಿದರು.

ಮೈಸೂರಿನ ಪ್ರಯೋಗ

ನಮ್ಮನೆಯವರ ಆಫೀಸಿನಲ್ಲಿ ಮೈಸೂರಿನ ಒಬ್ಬ ಹುಡುಗನಿದ್ದ. ಮದುವೆಯಾಗಿರಲಿಲ್ಲ. ವಾರದ ಕೆಲವು ದಿನ ಈರುಳ್ಳಿ ಬೆಳ್ಳುಳ್ಳಿಯನ್ನೂ ಒಲ್ಲದ ಮನೆಯಿಂದ ಬಂದವನು. ಭಾನುವಾರ ನಮ್ಮ ಮನೆಗೆ ಬಂದು, ತಟ್ಟೆ ಮುಂದಿಟ್ಟುಕೊಂಡು, ತಪ್ಪದೆ ಒಂದು ಮಾತು ಹೇಳುತ್ತಿದ್ದ: "ಟೀಚರ್, ಇದು ಏನು ಅಂತ ನೀವು ಹೇಳ್ಬೇಡಿ, ನಾನು ಕೇಳಲ್ಲ."

"ಅಲ್ಲೋ ತಮ್ಮಾ," ಎನ್ನುವರು ನಮ್ಮನೆಯವರು, "ಕಣ್ಣು ಮುಚ್ಚಿ ತಿಂದ್ರ ಅದೇನು ಬದನೀಕಾಯಿ ಆಗ್ತದೇನು?"

"ಕಣ್ಣು ತೆರೆದೇ ಇದೆ ಸಾರ್. ಕಿವಿ ಮಾತ್ರ ಮುಚ್ಚಿದೀನಿ."

ಭಾನುವಾರ ಮೈಸೂರಿಗೆ ಫೋನ್ ಮಾಡದಿದ್ದರೆ ಅವನ ತಾಯಿ ಗಾಬರಿಯಾಗುತ್ತಿದ್ದರು. ಹಾಗಾಗಿ ನಮ್ಮ ಮನೆಯಿಂದಲೇ ಮಾಡುತ್ತಿದ್ದ. ಒಂದು ದಿನ ಅವರು ಊಟಕ್ಕೇನು ಎಂದು ಕೇಳಿದರು. ಅವನ ಬಾಯಿ ತುಂಬಿತ್ತು.

"ಬುಲ್ಗೋಗಿ ಅಮ್ಮ."

"ಹಾಗಂದ್ರೇನೋ?"

"ಅದೇ... ಕೊರಿಯಾ ಪಲ್ಯ."

"ತರಕಾರಿ ಏನು ಹಾಕ್ತಾರೆ?"

"ಈರುಳ್ಳಿ ಇದೆ," ಎಂದ. ಆಮೇಲೆ ಯೋಚಿಸಿ, "ಕ್ಯಾರೆಟ್ಟೂ ಇದೆ," ಎಂದ.

"ಟೀಚರಿಗೆ ಕೊಡು ಫೋನು. ನೀನು ಬಂದಾಗ ಮಾಡ್ತೀನಿ."

ಅವನು ಬಿಳಿಚಿಕೊಂಡು ಫೋನನ್ನು ನನ್ನ ಕೈಗಿಟ್ಟ. ನಮ್ಮನೆಯವರು ಒಲೆಯ ಕಡೆ ತಿರುಗಿ ಭುಜ ಕುಣಿಸಿಕೊಂಡು ನಗುತ್ತಿದ್ದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಸಸ್ಯಾಹಾರಿ ಗೆಳೆಯರು ಬಂದಾಗ ಬೇರೆ ಬಾಣಲೆಯಲ್ಲಿ ಅಣಬೆಯ ಬುಲ್ಗೋಗಿ ಮಾಡುತ್ತಿದ್ದೆವು. ಅದರ ವಿಧಾನವನ್ನು ಮೊದಲಿಂದ ಕೊನೆಯವರೆಗೆ, ಒಂದು ಚಮಚವೂ ತಪ್ಪದಂತೆ ಹೇಳಿದೆ. ಹೇಳಿದ್ದೆಲ್ಲ ನಿಜ.

ಹುಡುಗ ರಜೆಗೆ ಹೋಗಿಬಂದ. ಅವನು ಬಂದ ವಾರವೇ ತಾಯಿಯ ಫೋನು, ನನಗೇ.

"ಟೀಚರ್, ನೀವು ಹೇಳಿದ ಹಾಗೇ ಮಾಡಿದೆ. ಮಗ ತಿಂದು, ಚೆನ್ನಾಗಿದೆ ಅಮ್ಮ, ಆದ್ರೆ ಅದಲ್ಲ ಅಂದ. ನನಗೇನೋ ಅನುಮಾನ. ನೀವು ಒಂದು ಸಾಮಾನು ಹೇಳೋದು ಮರೆತಿದ್ದೀರಿ."

ಮೇಲಿನ ಸೀಟಿ

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಜರ್ಮನ್ ಅಜ್ಜಿ ಒಂಟಿಯಾಗಿದ್ದರು. ಇಲ್ಲಿ ಪ್ರತಿ ಕಟ್ಟಡಕ್ಕೂ ಹೌಸ್‌ಓರ್ಡ್‌ನುಂಗ್ ಎಂಬ ನಿಯಮಾವಳಿ ಇರುತ್ತದೆ, ಮೆಟ್ಟಿಲ ಬಳಿ ಗೋಡೆಗೆ ಅಂಟಿಸಿರುತ್ತಾರೆ. ಅಜ್ಜಿಗೆ ಅದು ಬಾಯಿಪಾಠ. ಏಳನೆಯ ನಿಯಮ, ಹೊಗೆ ಮತ್ತು ವಾಸನೆಯಿಂದ ನೆರೆಯವರಿಗೆ ತೊಂದರೆ ಕೊಡಬಾರದು ಎಂಬುದು.

ನಮ್ಮನೆಯವರ ಬುಲ್ಗೋಗಿಯಲ್ಲಿ ಹೊಗೆ ಬಾರದ ಭಾನುವಾರವಿರಲಿಲ್ಲ. ಕಾರಣ, ಅವರಿಗೆ ಒಲೆಯ ಮುಂದೆ ನಿಂತರೆ ಮಾತು ಬರುತ್ತಿತ್ತು. ಮಾಂಸದಂಗಡಿಯ ಕಥೆ, ಕೊರಿಯಾದ ಹುಡುಗನ ಕಥೆ, ಮೈಸೂರಿನ ಫೋನಿನ ಕಥೆ, ಎಲ್ಲವನ್ನೂ ಬಂದವರಿಗೆ ಅಭಿನಯಿಸಿ ಹೇಳುವರು. ಸವುಟು ಗಾಳಿಯಲ್ಲಿ, ಬೆನ್ನು ಒಲೆಗೆ. ನಾನು ಪಕ್ಕದಲ್ಲಿ ನಿಂತು, "ಸಾಲಿನಲ್ಲಿ ಅಷ್ಟು ಜನ ಇರಲಿಲ್ಲ," ಎಂದು ತಿದ್ದುತ್ತಿದ್ದೆ. "ಅಕ್ಕೋರ, ಕಥೀಗೆ ಹಾಜರಿ ತಗೋಬ್ಯಾಡ್ರಿ," ಎಂದು ಅವರು ಇನ್ನಿಬ್ಬರನ್ನು ಸಾಲಿಗೆ ಸೇರಿಸುತ್ತಿದ್ದರು. ಅಷ್ಟರಲ್ಲಿ ಬೆಲ್ಲ ತಳ ಹಿಡಿದು ಹೊಗೆ ಏಳುವುದು. ಹೊಗೆ ಬಾಲ್ಕನಿಯಿಂದ ಮೇಲಕ್ಕೆ ಹೋದೊಡನೆ ಅಜ್ಜಿ ಊರುಗೋಲಿನಿಂದ ನೆಲಕ್ಕೆ, ಅಂದರೆ ನಮ್ಮ ತಲೆಯ ಮೇಲೆ, ಟಕ್ ಟಕ್ ಎಂದು ಕುಟ್ಟುವರು.

ನನಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ನಮ್ಮನೆಯವರು ಮಾತ್ರ ಶಾಂತವಾಗಿ ಬಾಣಲೆ ಇಳಿಸುತ್ತ, "ಮ್ಯಾಲಿನ ಸೀಟಿ ಹೊಡೀತು, ಇಳಸ್ರಿ," ಎನ್ನುವರು, ಕುಕ್ಕರ್ ಕೂಗಿದ ಹಾಗೆ. ಆಮೇಲೆ ಮಗಳ ಕೈಯಲ್ಲಿ ಒಂದು ತಟ್ಟೆ ಮೇಲಕ್ಕೆ ಹೋಗುವುದು.

ಸಂಜೆ ಅಜ್ಜಿ ತೊಳೆದ ತಟ್ಟೆಯನ್ನು ತಾವೇ ತಂದು ಕೊಟ್ಟು, "ರುಚಿಯಾಗಿತ್ತು," ಎನ್ನುವರು. ಎರಡು ಮೆಟ್ಟಿಲು ಹತ್ತಿ, ಮತ್ತೆ ತಿರುಗಿ, "ಏಳನೆಯ ನಿಯಮ ಹಾಗೆಯೇ ಇದೆ," ಎನ್ನುವರು.

ಅದಲ್ಲ

ಇಷ್ಟನ್ನು ನೆನಪಿಸಿಕೊಂಡು, ಹುಟ್ಟುಹಬ್ಬಕ್ಕೆ ಮೊದಲೇ ಒಮ್ಮೆ ಮಾಡಿ ನೋಡಲು ಹೊರಟೆ. ಮಾಂಸವನ್ನು ಅರ್ಧವೇ ಗಟ್ಟಿಯಾಗಿಸಿದೆ. ಸೇಬಿನ ತಿರುಳು, ಬೆಲ್ಲ, ಬ್ಯಾಡಗಿ ಪುಡಿ ಎಲ್ಲವನ್ನೂ ಅಳೆದು ಹಾಕಿದೆ. ಒಲೆಯ ಮುಂದಿನಿಂದ ಕದಲದೆ ಬಾಡಿಸಿ, ಸರಿಯಾದ ಹೊತ್ತಿಗೆ ಇಳಿಸಿದೆ.

ಮಗಳು ಎರಡು ತುತ್ತು ತಿಂದಳು. "ಚೆನ್ನಾಗಿದೆ. ಅದಲ್ಲ," ಎಂದು ಜರ್ಮನ್‌ನಲ್ಲಿ ಹೇಳಿ ಬ್ರೆಡ್ಡಿಗೆ ಕೈ ಹಾಕಿದಳು.

ಮೈಸೂರಿನ ತಾಯಿಯ ಸಂಕಟ ನನಗೆ ಆಗ ಅರ್ಥವಾಯಿತು. ಕೊರಿಯಾ ಆಂಟಿಯನ್ನು ಕರೆದು ರುಚಿ ತೋರಿಸಿದೆ. ಅವರು ನಿಧಾನವಾಗಿ ತಿಂದು, "ಎಲ್ಲ ಸರಿಯಾಗಿದೆ," ಎಂದರು. ಆಮೇಲೆ ಇನ್ನೊಂದು ಚೂರು ಬಾಯಿಗಿಟ್ಟು, "ಎಲ್ಲ ಸರಿಯಾಗಿರುವುದೇ ನನಗೂ ಒಂಥರಾ ಅನ್ನಿಸುತ್ತಿದೆ," ಎಂದರು.

ಹುಟ್ಟುಹಬ್ಬದ ದಿನ ಬೇರೇನೂ ತೋಚದೆ ಮತ್ತೆ ಅದನ್ನೇ ಒಲೆಗಿಟ್ಟೆ. ಆಂಟಿಯೂ ಮೈಸೂರಿನ ಹುಡುಗನೂ ಬಂದಿದ್ದರು. ಮಗಳು ಆಗಲೇ ಬ್ರೆಡ್ಡನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅದನ್ನು ನೋಡಿ ಹುಡುಗ, "ಟೀಚರ್, ಸಾರ್ ಆ ಬಸ್ ಟಿಕೆಟ್ ಕಥೆ ಹೇಳ್ತಿದ್ರಲ್ಲ, ಅಂಗಡಿಯವನು ಕೊನೆಗೆ ಏನಂದ?" ಎಂದು ಕೇಳಿದ. ಅವನಿಗೆ ಅದು ಚೆನ್ನಾಗಿಯೇ ಗೊತ್ತಿತ್ತು.

"ಅದು ಕೊನೆಗೆ ಅಲ್ಲ, ಮುಂದಿನ ವಾರ," ಎಂದು ತಿದ್ದಿದೆ. ತಿದ್ದಿದ ಮೇಲೆ ಪೂರ್ತಿ ಹೇಳಬೇಕಾಯಿತು. ಹೇಳುತ್ತಾ ಮೀಸೆಯವನ ಮುಖ ಮಾಡಬೇಕಾಯಿತು. ಸಾಲಿನಲ್ಲಿ ಎಷ್ಟು ಜನರಿದ್ದರು ಎಂದು ಹುಡುಗ ಕೇಳಿದಾಗ, "ಬೀದಿಯವರೆಗೆ ಇದ್ದರು," ಎಂದುಬಿಟ್ಟೆ. ಮಗಳು ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಸವುಟನ್ನು ಬಸ್ ಟಿಕೆಟ್ಟಿನಂತೆ ಬೆಳಕಿಗೆ ಹಿಡಿದು, "ಹೀಗೆ," ಎಂದೆ. ಆಂಟಿ ನಕ್ಕು ಕಣ್ಣೊರೆಸಿಕೊಂಡರು.

ಆಗ ತಲೆಯ ಮೇಲೆ ಟಕ್ ಟಕ್ ಎಂದಿತು. ಒಂದು ವರ್ಷದಿಂದ ಕೇಳದಿದ್ದ ಸದ್ದು.

ತಿರುಗಿ ನೋಡಿದರೆ ಬಾಣಲೆ ಕಾಣದಷ್ಟು ಹೊಗೆ. ನಾನು ಅಯ್ಯೋ ಎನ್ನುವ ಮೊದಲೇ ಮಗಳು ಕುರ್ಚಿಯ ಮೇಲೆ ಎದ್ದು ನಿಂತು, ಅಪ್ಪಟ ಧಾರವಾಡದ ಕನ್ನಡದಲ್ಲಿ ಕೂಗಿದಳು: "ಮ್ಯಾಲಿನ ಸೀಟಿ ಹೊಡೀತು! ಇಳಸ್ರಿ ಅಕ್ಕೋರ, ಇಳಸ್ರಿ!"

ಇಳಿಸಿದೆ. ತಳ ಕಪ್ಪಾಗಿತ್ತು, ಅಂಚು ಗರಿಗರಿಯಾಗಿತ್ತು. ಅವಳು ಬಾಣಲೆಯಿಂದಲೇ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡು, "ಇದು," ಎಂದಳು. ಮತ್ತೆ ತಟ್ಟೆ ತುಂಬ ಬಡಿಸಿಕೊಂಡು ಕೂತಳು.

ಬಾಗಿಲ ಗಂಟೆ ಬಾರಿಸಿತು. ಮೇಲಿನ ಅಜ್ಜಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ತಮ್ಮದೇ ಒಂದು ಖಾಲಿ ತಟ್ಟೆ ಹಿಡಿದು ನಿಂತಿದ್ದರು. ನಾನು ಕ್ಷಮೆ ಕೇಳುತ್ತ, ಏಳನೆಯ ನಿಯಮ ನೆನಪಿದೆ ಎನ್ನುತ್ತ, ತಟ್ಟೆಗೆ ಬಡಿಸಿದೆ. ಅವರು ಅಲ್ಲಿಯೇ ನಿಂತು ಒಂದು ಚೂರು ತಿಂದು, ಬಹಳ ಹೊತ್ತು ಅಗಿದರು.

"ಪರವಾಗಿಲ್ಲ," ಎಂದರು. "ಆದರೆ ನಿಮ್ಮ ಗಂಡ ಇನ್ನೂ ಸ್ವಲ್ಪ ಹೆಚ್ಚು ಸೀಯಿಸುತ್ತಿದ್ದರು."